ನಂಗಲಿಯ ಕೆಂಪು ಮಣ್ಣಿನಲ್ಲಿ ಎರೆಹುಳು ಯಾಕೆ ಸಿಗುತ್ತಿಲ್ಲ?

ಮುಳಬಾಗಿಲು ದಾಟಿ ಆಂಧ್ರದ ಗಡಿಯತ್ತ ಸಾಗಿದರೆ ನಂಗಲಿ. ಸುತ್ತಮುತ್ತ ಕೆಂಪು ಮಣ್ಣು. ಟೊಮೆಟೊ, ಹಿಪ್ಪುನೇರಳೆ, ಮಾವು, ರಾಗಿ. ಈ ಕಡೆಯ ಹಿತ್ತಿಲಲ್ಲಿ ಏಪ್ರಿಲ್ ತಿಂಗಳಲ್ಲಿ ಗುದ್ದಲಿ ಹಾಕಿದರೆ ಒಂದು ಎರೆಹುಳುವೂ ಸಿಗುವುದು ಕಷ್ಟ. ಹಾಗೆಂದು ಹುಳುಗಳು ನಾಶವಾಗಿವೆ ಎಂದು ತೀರ್ಮಾನಿಸಬಾರದು.

ಎರೆಹುಳುವಿಗೆ ಶ್ವಾಸಕೋಶವಿಲ್ಲ, ಚರ್ಮದ ಮೂಲಕವೇ ಉಸಿರಾಟ. ಚರ್ಮ ಒದ್ದೆಯಾಗಿದ್ದರೆ ಮಾತ್ರ ಆಮ್ಲಜನಕ ಅದರಲ್ಲಿ ಕರಗಿ ರಕ್ತ ಸೇರುತ್ತದೆ. ಮಣ್ಣು ಒಣಗಿತೆಂದರೆ ಹುಳುವಿನ ಉಸಿರು ಕಟ್ಟುತ್ತದೆ. ಅದಕ್ಕೇ ದಕ್ಷಿಣ ಭಾರತದ ಹೊಲಗಳಲ್ಲಿ ಸಾಮಾನ್ಯವಾಗಿರುವ ಲ್ಯಾಂಪಿಟೊ ಮೌರಿಟಿ ಎಂಬ ಜಾತಿ ಬೇಸಿಗೆಯಲ್ಲಿ ತೇವ ಹುಡುಕಿಕೊಂಡು ಆಳಕ್ಕಿಳಿದು, ಓಡಾಟ ನಿಲ್ಲಿಸಿ ಮಲಗಿಬಿಡುತ್ತದೆ. ಕೋಲಾರ ಜಿಲ್ಲೆಗೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹುಳು ಎಣಿಸುವುದಾದರೆ ಆಗ ಎಣಿಸಬೇಕು. ಬೆಳಗ್ಗೆ ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಮಣ್ಣನ್ನು ಗೋಣಿಚೀಲದ ಮೇಲೆ ಸುರಿದು ಹೆಂಟೆ ಒಡೆದು ನೋಡಿ. ಕತ್ತಿನ ಹತ್ತಿರ ದಪ್ಪನೆಯ ಪಟ್ಟಿ ಇರುವ ಹುಳು ಪ್ರಾಯಕ್ಕೆ ಬಂದದ್ದು. ಆ ಪಟ್ಟಿಯೇ ಮೊಟ್ಟೆಯ ಕೋಶವನ್ನು ಹೆಣೆಯುತ್ತದೆ. ನೆಲದ ಮೇಲೆ ಹರಳು ಹರಳಾಗಿ ಕಾಣುವ ಮಣ್ಣು ಎರೆಹುಳುವಿನ ಹಿಕ್ಕೆ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಸುತ್ತಲಿನ ಮಣ್ಣಿಗಿಂತ ಹೆಚ್ಚಾಗಿ, ಬೇರಿಗೆ ಸುಲಭವಾಗಿ ಸಿಗುವಂತೆ ಇರುತ್ತವೆ.

ಸೆಪ್ಟೆಂಬರ್-ಅಕ್ಟೋಬರ್‌ನ ಹಸ್ತ ಮಳೆ ಬಿದ್ದ ಮೇಲೂ ಗುಂಡಿ ಬರಿದಾಗಿದ್ದರೆ ಚಿಂತಿಸಬೇಕು. ಮೊದಲ ಕಾರಣ ಹಸಿವು. ಎರೆಹುಳು ತಿನ್ನುವುದು ಕೊಳೆತ ಸೊಪ್ಪುಸದೆ, ಸಗಣಿ, ಅದರ ಜೊತೆಗಿರುವ ಮಣ್ಣು. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ತಿಪ್ಪೆಗಳೂ ಕರಗಿದವು. ಉದುರಿದ ಎಲೆಗೆ ಬೆಂಕಿ ಇಡುತ್ತೇವೆ. ಟೊಮೆಟೊ ಸಾಲಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ತೇವ ಉಳಿಸುತ್ತದೆ ನಿಜ, ಆದರೆ ಹುಳುವಿಗೆ ಅದರಿಂದ ಒಂದು ತುತ್ತೂ ಇಲ್ಲ. ಎರಡನೆಯದು ವಿಷ. ಬೇರಿನ ಬುಡಕ್ಕೆ ಹಾಕುವ ಕಾರ್ಬೊಫ್ಯುರಾನ್ ಕೀಟನಾಶಕದ ಹರಳು ಎರೆಹುಳುವಿಗೆ ಕಡು ವಿಷ. ಅಂಗಮಾರಿಗೆ ಸಿಂಪಡಿಸುವ ತಾಮ್ರದ ಔಷಧಿ ಕೊಳೆತು ಹೋಗುವ ವಸ್ತುವಲ್ಲ, ಬೆಳೆಯಿಂದ ಬೆಳೆಗೆ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಇವುಗಳ ಮೇಲೆ ರೋಟವೇಟರ್ ಬೇರೆ. ಅದರ ಅಲಗಿಗೆ ಸಿಕ್ಕಿ ತುಂಡಾದ ಹುಳು ಎರಡು ಹುಳುವಾಗುತ್ತದೆ ಎಂಬ ನಂಬಿಕೆ ಸುಳ್ಳು. ತಲೆಯ ಭಾಗ ಕೆಲವೊಮ್ಮೆ ಬದುಕಿ ಬಾಲ ಬೆಳೆಸಿಕೊಂಡೀತು, ಬಾಲದ ತುಂಡು ಸಾಯುತ್ತದೆ.

ಹಾಗಾದರೆ ಹುಳು ಕೊಂಡು ತಂದು ಬಿಡೋಣವೇ? ಬೇಡ ಎನ್ನುತ್ತೇನೆ. ಎರೆಗೊಬ್ಬರದ ತೊಟ್ಟಿಯಲ್ಲಿ ಸಾಕುವುದು ಹೆಚ್ಚಾಗಿ ಯೂಡ್ರಿಲಸ್ ಯೂಜೀನಿಯೆ, ಐಸೀನಿಯಾ ಫೆಟಿಡಾ ಎಂಬ ಹೊರಗಿನ ಜಾತಿಗಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಅವರ ಸಂಶೋಧನೆಯಿಂದ ಎರೆಗೊಬ್ಬರ ನಮ್ಮ ರೈತರಿಗೆ ಪರಿಚಯವಾಯಿತು, ಆ ಗೊಬ್ಬರ ಚಿನ್ನದಂಥದ್ದು. ಆದರೆ ಆ ಹುಳುಗಳು ಸಗಣಿ, ತರಗೆಲೆಯ ರಾಶಿಯಲ್ಲಿ ಮೇಲೆಮೇಲೆ ಬದುಕುವಂಥವು. ಒಣ ಕೆಂಪು ಮಣ್ಣಿಗೆ ಬಿಟ್ಟರೆ ಉಳಿಯುವುದಿಲ್ಲ. ಮಣ್ಣು ತಿಂದು ಬಿಲ ಕೊರೆಯುವ ನಾಡಹುಳುವೇ ಹೊಲಕ್ಕೆ ಬೇಕಾದದ್ದು.

ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಎರೆಹುಳುಗಳ ಹೊಟ್ಟೆ ಹಾದು ಬರುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಬರೆದ. ನಮ್ಮ ಒಣನೆಲಕ್ಕೆ ಆ ಲೆಕ್ಕ ಹೊಂದದು. ನನಗೆ ಮುಖ್ಯವಾಗಿ ಕಾಣುವುದು ಬಿಲಗಳು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಕೊಳವೆಬಾವಿಯನ್ನೇ ನೆಚ್ಚಿದ ಜಿಲ್ಲೆ ಇದು. ಬಿದ್ದ ಮಳೆ ಕೆಂಪು ನೀರಾಗಿ ಹರಿದುಹೋಗದೆ ಅಲ್ಲೇ ಇಂಗಲು ಈ ಬಿಲಗಳಂಥ ದಾರಿಗಳು ಬೇಕೇ ಬೇಕು.

ಈ ಸಲ ಹಿತ್ತಿಲ ಒಂದು ಮೂಲೆಗೆ ಕೊಟ್ಟಿಗೆ ಗೊಬ್ಬರ ಹಾಕಿ, ಮೇಲೆ ಹೊಂಗೆಸೊಪ್ಪು ದಪ್ಪಗೆ ಹೊದಿಸಿ, ಆಗಾಗ ನೀರು ಚಿಮುಕಿಸಿ. ಅಲ್ಲಿ ಔಷಧಿ, ರೋಟವೇಟರ್ ಬೇಡ. ಮುಂದಿನ ಹಸ್ತ ಮಳೆಗೆ ಅಲ್ಲೊಂದು, ಪಕ್ಕದ ಬರಿ ನೆಲದಲ್ಲೊಂದು ಗುಂಡಿ ತೋಡಿ, ಎರಡರ ಹುಳುಗಳನ್ನೂ ಎಣಿಸಿ ಬರೆದಿಟ್ಟುಕೊಳ್ಳಿ.