ಯೆರೂಸಲೇಮಿನ ಕ್ಷೇತ್ರವರ್ಣನೆ: ಪ್ರತ್ಯಕ್ಷವೂ ಶಬ್ದವೂ

ಪುಣ್ಯಕ್ಷೇತ್ರವೊಂದನ್ನು ವರ್ಣಿಸುವವನು ಅದನ್ನು ಕಣ್ಣಾರೆ ಕಂಡಿರಬೇಕೆಂಬುದು ಲೋಕದ ಸಾಮಾನ್ಯಾಭಿಪ್ರಾಯ. ಕ್ರಿ. ಶ. 16ನೆಯ ಶತಮಾನದ ಅಂತ್ಯದಿಂದ 18ನೆಯ ಶತಮಾನದ ಆದಿಯವರೆಗೆ ಐರೋಪ್ಯ ಕ್ರೈಸ್ತವಿದ್ವಾಂಸರು ಯೆರೂಸಲೇಮನ್ನೂ ಪಾಲೆಸ್ತೀನವನ್ನೂ ಕುರಿತು ರಚಿಸಿದ ಗ್ರಂಥಗಳನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ಅರ್ಧಸತ್ಯವೆಂದು ತಿಳಿದುಬರುವುದು.

ಡೆಲ್ಫ್ಟ್ ನಗರದಲ್ಲಿ 1533ರಲ್ಲಿ ಹುಟ್ಟಿದ ಕ್ರಿಸ್ಟಿಯಾನ್ ಫಾನ್ ಆಡ್ರಿಕೆಮ್ ಎಂಬ ಪಾದ್ರಿಯು ಆ ನಾಡನ್ನು ಕಂಡವನಲ್ಲ. ಬೈಬಲನ್ನೂ ಯಾತ್ರಿಕರ ಲೇಖನಗಳನ್ನೂ ಆಧರಿಸಿ ಅವನು 1584ರಲ್ಲಿ ಕ್ರಿಸ್ತನ ಕಾಲದ ಯೆರೂಸಲೇಮಿನ ವರ್ಣನೆಯನ್ನು ಪ್ರಕಟಿಸಿದನು. ಅವನ ದೊಡ್ಡ ಗ್ರಂಥವು ಮರಣಾನಂತರ 1590ರಲ್ಲಿ ಹೊರಬಂದಿತು. ಕ್ರಿಸ್ತನು ಶಿಲುಬೆ ಹೊತ್ತು ನಡೆದ ದಾರಿಯ ಅಂತರಗಳನ್ನು ಅವನು ಹೆಜ್ಜೆಗಳ ಲೆಕ್ಕದಲ್ಲಿ ಕೊಟ್ಟನು. ಯೂರೋಪಿನಲ್ಲಿ ಶಿಲುಬೆಯ ಹಾದಿಯೆಂಬ ಭಕ್ತಿಕ್ರಮವು ರೂಪುಗೊಳ್ಳುವುದಕ್ಕೆ ಈ ಗ್ರಂಥವು ಬಹುಮಟ್ಟಿಗೆ ಕಾರಣವಾಯಿತು. ಆದರೆ ನಾನಾ ಯುಗಗಳ ಘಟನೆಗಳನ್ನು ಅವನು ಒಂದೇ ನಕ್ಷೆಯಲ್ಲಿ ಕೂಡಿಸಿಬಿಟ್ಟನು.

ಇದಕ್ಕೆ ಪ್ರತಿಯಾಗಿ, ಫ್ರಾನ್ಸಿಸ್ಕನ್ ಸಂನ್ಯಾಸಿಯಾದ ಬೆರ್ನಾರ್ದೀನೊ ಆಮಿಕೊ ಎಂಬವನು 1590ರ ದಶಕದಲ್ಲಿ ಅಲ್ಲಿಯೇ ವಾಸಮಾಡಿ, ದೇವಾಲಯಗಳನ್ನು ಅಳೆದು ನಕ್ಷೆಗಳನ್ನು ರಚಿಸಿದನು. ಅದೇ ಪಂಥದ ಕ್ವಾರೆಸ್ಮಿಯನು 1639ರಲ್ಲಿ ಆಂಟ್‌ವರ್ಪಿನಲ್ಲಿ ಎರಡು ಸಂಪುಟಗಳ ಮಹಾಗ್ರಂಥವನ್ನು ಮುದ್ರಿಸಿ, ಸ್ಥಳಸಂಪ್ರದಾಯಗಳನ್ನು ಸಮರ್ಥಿಸಿದನು. ಕ್ರಿಸ್ತನ ಸಮಾಧಿಯು ಊರಹೊರಗಿತ್ತೆಂಬುದು ಶಾಸ್ತ್ರವಚನ. ಕೋಟೆಯೊಳಗಿರುವ ಸಮಾಧಿಮಂದಿರವು ಅದೇ ಸ್ಥಳವಾಗುವುದೆಂತು ಎಂಬುದು ಪೂರ್ವಪಕ್ಷ. ಕಣ್ಣಿಗೂ ವಚನಕ್ಕೂ ಇಲ್ಲಿ ವಿರೋಧವೇ ಕಾಣುವುದು.

ಯೂಟ್ರೆಕ್ಟಿನ ಪ್ರಾಧ್ಯಾಪಕನಾದ ಆಡ್ರಿಯಾನ್ ರೆಲಾಂಡನೂ ಪಾಲೆಸ್ತೀನಕ್ಕೆ ಹೋದವನಲ್ಲ. ಆದರೂ 1714ರ ಅವನ ಗ್ರಂಥವು ಬಹುಕಾಲ ಪ್ರಮಾಣವಾಗಿ ನಿಂತಿತು. ದೇಶಸ್ವರೂಪ, ಅಂತರಗಳು, ಊರುಗಳು ಎಂದು ಮೂರು ಭಾಗ ಮಾಡಿ, ಜೋಸೆಫಸ್, ಯುಸೀಬಿಯಸ್, ಯೆಹೂದ್ಯಗ್ರಂಥಗಳು, ನಾಣ್ಯಗಳು, ಶಾಸನಗಳು ಇವುಗಳ ಸಾಕ್ಷ್ಯವನ್ನು ಅವನು ಬೇರೆಬೇರೆಯಾಗಿ ಮುಂದಿಟ್ಟನು. ಆಡ್ರಿಕೆಮನೂ ರೆಲಾಂಡನೂ ಸಮಾನವಾಗಿ ನಾಡನ್ನು ಕಾಣದವರು. ಇಬ್ಬರಿಗೂ ಇರುವ ಭೇದವು ಪ್ರಮಾಣವಿವೇಕದ್ದು.

ಪ್ರತ್ಯಕ್ಷವು ಈಗಿರುವುದನ್ನು ತೋರಿಸುವುದೇ ಹೊರತು ಹಿಂದಿದ್ದುದನ್ನಲ್ಲ. ಶಬ್ದವು ಹಿಂದಿದ್ದುದನ್ನು ಹೇಳಬಲ್ಲುದು, ಅದರ ಎಡೆಯನ್ನು ಬೊಟ್ಟುಮಾಡಿ ತೋರಿಸಲಾರದು. ಸಮಾಧಿಯ ವಿವಾದದಲ್ಲಿ ಇವೆರಡನ್ನೂ ಹೊಂದಿಸಿದುದು ಭೂಮಿಯ ಸಾಕ್ಷ್ಯ. ಕ್ಯಾಥ್ಲೀನ್ ಕೆನ್ಯನ್ ಎಂಬ ವಿದುಷಿಯು 1960ರ ದಶಕದಲ್ಲಿ ಮಂದಿರದ ದಕ್ಷಿಣಕ್ಕೆ ನಡೆಸಿದ ಉತ್ಖನನದಿಂದ, ಆ ನೆಲವು ಕ್ರಿಸ್ತನ ಕಾಲದಲ್ಲಿ ಕೋಟೆಯ ಹೊರಗಿತ್ತೆಂಬ ನಿರ್ಣಯಕ್ಕೆ ಬಂದಳು. ಸ್ಥಳವು ಕದಲಲಿಲ್ಲ, ಕೋಟೆಯೇ ಮುಂದೆ ಸರಿಯಿತು. ಸಮಾಧಿಯು ಅದೇ ಎಂದು ಇದರಿಂದ ಸಿದ್ಧವಾಗದು; ಅಸಂಭವವಲ್ಲವೆಂದಷ್ಟೇ ಸಿದ್ಧವಾಗುವುದು.