ನೆಗೆಯುವ ಡಿ.ಎನ್.ಎ.ಯ ಎರಡು ಅಂಚುಗಳು

ತಾಳಗುಪ್ಪದ ಕಡೆ ಜಗಲಿಯಲ್ಲಿ ತೂಗುಹಾಕಿದ ಬಾಳೆಗೊನೆ ಕಳಿತಾಗ ಅದರ ಸುತ್ತ ಮುತ್ತುವ, ಎರಡು-ಮೂರು ಮಿಲಿಮೀಟರ್ ಉದ್ದದ ನೊಣಗಳನ್ನು ನೀವು ನೋಡಿರುತ್ತೀರಿ. ಇವು ಡ್ರಾಸೊಫಿಲ ಹಣ್ಣುನೊಣಗಳು. (ಮಾವಿನ ಹಣ್ಣಿನಲ್ಲಿ ಹುಳು ಬೀಳಿಸುವ ಹಣ್ಣುನೊಣ ಬೇರೆ ಕುಟುಂಬದ್ದು.) ಇವುಗಳ ನಾನಾ ತಳಿಗಳನ್ನು ಸಾಕಿ ಕಾಪಾಡುವ ಸಂಗ್ರಹ ಕೇಂದ್ರವೊಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ.

ಈ ನೊಣದ ವರ್ಣತಂತುಗಳಲ್ಲಿ ಸ್ಥಳ ಬದಲಿಸುವ ಡಿ.ಎನ್.ಎ. ತುಣುಕುಗಳಿವೆ. ಇಂಥವನ್ನು ಮೆಕ್ಕೆಜೋಳದಲ್ಲಿ ಮೊದಲು ಗುರುತಿಸಿದ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ನೊಣದಲ್ಲಿ ಹೆಚ್ಚು ಅಧ್ಯಯನವಾಗಿರುವುದು 'ಪಿ ಘಟಕ'. ಪೂರ್ಣ ಪಿ ಘಟಕದ ಉದ್ದ 2907 ಪ್ರತ್ಯಾಮ್ಲ ಜೋಡಿಗಳು. ಅದರ ಒಂದು ಎಳೆಯನ್ನು ಎಡತುದಿಯಿಂದಲೂ ಎದುರು ಎಳೆಯನ್ನು ಬಲತುದಿಯಿಂದಲೂ ಓದುತ್ತ ಬನ್ನಿ. ಎರಡೂ ಕಡೆ ಅದೇ 31 ಅಕ್ಷರಗಳು ಸಿಗುತ್ತವೆ. ಇದು ವಿಲೋಮ ಪುನರಾವರ್ತನೆ. ಘಟಕವನ್ನು ಕತ್ತರಿಸಿ ಸಾಗಿಸುವ ಟ್ರಾನ್ಸ್‌ಪೊಸೇಸ್ ಕಿಣ್ವಕ್ಕೆ ಈ ತುದಿಗಳು ಬೇಕೇ ಬೇಕು.

ಇದರ ಹೊರಗೆ, ಎರಡೂ ಪಕ್ಕಗಳಲ್ಲಿ, 8 ಅಕ್ಷರಗಳ ಇನ್ನೊಂದು ಪುನರಾವರ್ತನೆ ಇದೆ. ವಿದ್ಯಾರ್ಥಿಗಳು ಇದನ್ನೂ ಘಟಕದ ಭಾಗವೆಂದೇ ಬರೆಯುವುದುಂಟು. ಅದು ತಪ್ಪು, ಈ ಎಂಟು ಅಕ್ಷರಗಳು ನೊಣದವು. ಹಾಗಾದರೆ ಎರಡು ಸಲ ಏಕೆ ಇವೆ?

ತರಗತಿಯಲ್ಲಿ ಮಾಡಿ ತೋರಿಸಿ. ಎರಡು ಕಾಗದದ ಪಟ್ಟಿಗಳನ್ನು ಮೇಲೆ-ಕೆಳಗೆ ಇಟ್ಟು ಎರಡೆಳೆಯ ಡಿ.ಎನ್.ಎ. ಎಂದುಕೊಳ್ಳಿ. ಎಂಟು ಅಕ್ಷರಗಳ ಜಾಗವನ್ನು ಗುರುತು ಮಾಡಿ, ಮೇಲಿನ ಪಟ್ಟಿಯನ್ನು ಅದರ ಒಂದು ಕೊನೆಯಲ್ಲಿ, ಕೆಳಗಿನದನ್ನು ಇನ್ನೊಂದು ಕೊನೆಯಲ್ಲಿ ಕತ್ತರಿಸಿ. ಎಳೆದು ಬೇರ್ಪಡಿಸಿದರೆ ಎರಡೂ ಬದಿಗಳಲ್ಲಿ ಎಂಟು ಅಕ್ಷರಗಳ ಒಂಟಿ ಎಳೆ ಚಾಚಿಕೊಳ್ಳುತ್ತದೆ. ಘಟಕ ಈ ಚಾಚುಗಳ ನಡುವೆ ಸೇರುತ್ತದೆ. ಉಳಿದ ಖಾಲಿ ಜಾಗಗಳನ್ನು ಜೀವಕೋಶದ ದುರಸ್ತಿ ಕಿಣ್ವಗಳು ತುಂಬಿದಾಗ ಅದೇ ಎಂಟು ಅಕ್ಷರಗಳು ಎರಡೂ ಪಕ್ಕ ಪೂರ್ಣವಾಗುತ್ತವೆ, ಅದೂ ಒಂದೇ ದಿಕ್ಕಿನಲ್ಲಿ. ಭೌತವಿಜ್ಞಾನದವನಾದ ನನಗೆ ಈ ಸರಳ ಜ್ಯಾಮಿತಿ ಬಹಳ ಮೆಚ್ಚುಗೆಯಾಯಿತು.

'ಕೋಪಿಯ' ಎಂಬ ಘಟಕ ಆರ್.ಎನ್.ಎ. ಪ್ರತಿಯ ಮೂಲಕ ಹರಡುತ್ತದೆ. ಅದರ ಸ್ವಂತ ತುದಿಗಳಲ್ಲಿ 276 ಅಕ್ಷರಗಳ ಪುನರಾವರ್ತನೆ ಒಂದೇ ದಿಕ್ಕಿನಲ್ಲಿದೆ. ಹೊರಗೆ ನೊಣದ 5 ಅಕ್ಷರಗಳು ಎರಡಾಗುತ್ತವೆ.

ಈ ನೆಗೆತ ನೊಣಕ್ಕೆ ದುಬಾರಿಯಾಗಬಹುದು. ಪಿ ಘಟಕವುಳ್ಳ ಗಂಡನ್ನು ಅದಿಲ್ಲದ ಹೆಣ್ಣಿನೊಂದಿಗೆ ಕೂಡಿಸಿ, ಮರಿಗಳನ್ನು ಸುಮಾರು 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದರೆ ಅವುಗಳಲ್ಲಿ ಅನೇಕವು ಬಂಜೆಯಾಗುತ್ತವೆ. ಗಂಡು-ಹೆಣ್ಣು ಅದಲುಬದಲಾದರೆ ತೊಂದರೆಯಿಲ್ಲ. ಪಿ ಘಟಕವುಳ್ಳ ತಾಯಿ ತನ್ನ ಮೊಟ್ಟೆಯೊಳಗೆ ಅದನ್ನು ಅಡಗಿಸುವ ಕಿರು ಆರ್.ಎನ್.ಎ.ಗಳನ್ನೂ ಇಟ್ಟಿರುತ್ತಾಳೆ. ಮಾರ್ಗರೆಟ್ ಕಿಡ್‌ವೆಲ್ ಮತ್ತು ಸಂಗಡಿಗರು 1977ರಲ್ಲಿ ಈ ವೈಪರೀತ್ಯವನ್ನು ವಿವರಿಸಿದರು. ಬಹಳ ಹಿಂದೆಯೇ ಹಿಡಿದು ಬಾಟಲಿಗಳಲ್ಲಿ ಸಾಕುತ್ತ ಬಂದ ಮೆಲನೊಗ್ಯಾಸ್ಟರ್ ತಳಿಗಳಲ್ಲಿ ಪಿ ಘಟಕವಿಲ್ಲ, ಹೊರಗಿನ ನೊಣಗಳಲ್ಲಿದೆ. ಅದು ವಿಲಿಸ್ಟೋನಿ ಎಂಬ ಬೇರೆ ಪ್ರಭೇದದಿಂದ ಇಪ್ಪತ್ತನೆಯ ಶತಮಾನದಲ್ಲಿ ದಾಟಿಬಂದು, ಕೆಲವೇ ದಶಕಗಳಲ್ಲಿ ಲೋಕದ ತುಂಬ ಹಬ್ಬಿತು.