ಮಂಗಳೂರಿನ ಯಹೂದಿಯ ಕಾಗದಗಳು

ಮಕ್ಕಳೇ, ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಅಂಗಳದಲ್ಲಿ ಒಣಗುತ್ತದಲ್ಲ, ಅಂಥ ಕಾಳುಮೆಣಸಿನ ವ್ಯಾಪಾರಕ್ಕೆಂದು ಸುಮಾರು 900 ವರ್ಷಗಳ ಹಿಂದೆ ಟುನೀಸಿಯಾದ ಯಹೂದಿ ಅಬ್ರಹಾಂ ಬೆನ್ ಯಿಜು ಮಂಗಳೂರಿಗೆ ಬಂದ. 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಅವಳನ್ನೇ ಮದುವೆಯಾದನೆಂದು ವಿದ್ವಾಂಸರ ಅಂದಾಜು. ಏಡನ್‌ನ ಗೆಳೆಯರು ಕಳಿಸಿದ ಹಾಳೆಗಳಲ್ಲಿ ಹೀಬ್ರೂ ಅಕ್ಷರದಲ್ಲೇ ಲೆಕ್ಕ, ಕವಿತೆ ಬರೆಯುತ್ತಿದ್ದ.

1149ರಲ್ಲಿ ಮಕ್ಕಳೊಂದಿಗೆ ಏಡನ್‌ಗೆ ಮರಳಿದ. ಮಗ ತೀರಿಕೊಂಡ. ಉಳಿದ ಒಬ್ಬಳೇ ಮಗಳು ತನ್ನವರಲ್ಲೇ ಇರಲೆಂದು ಸಿಸಿಲಿಯಲ್ಲಿದ್ದ ಒಡಹುಟ್ಟಿದವರಿಗೆ ಪತ್ರ ಬರೆದ. 1156ರಲ್ಲಿ ಸಹೋದರನ ಮಗನೊಡನೆ ಅವಳ ಮದುವೆಯಾಯಿತು.

ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಬಿಸಾಡುವುದಿಲ್ಲ. ಕೈರೋದ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಅವನ ಪತ್ರಗಳು ಉಳಿದದ್ದು ಹಾಗೆ. ಬ್ಯಾಂಕಿನ ಲೆಡ್ಜರಿಗೂ ಆ ಭಾಗ್ಯವಿಲ್ಲ! ಹಲವು ಈಗ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿವೆ.